ಸಂಬಳದ ಜೊತೆಗೆ ಕಾಫಿ ಪುಡಿ ವ್ಯಾಪಾರ: ನಷ್ಟ ತೋರಿಸಿದರೆ ತೆರಿಗೆ ಉಳಿಯುತ್ತಾ?

ಪ್ರಶ್ನೆ, ಚಿಕ್ಕಮಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳದಲ್ಲೇ ಆದಾಯ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಮಾವನವರದ್ದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ ಇದೆ. ಆ ಕಾಫಿಯನ್ನೇ ಹುರಿದು ಪುಡಿ ಮಾಡಿ ನನ್ನ ಹೆಸರಲ್ಲಿ ಮಾರೋಣ ಅಂತ ಆಸೆ. ಆಫೀಸಿನಲ್ಲಿ ಒಬ್ಬರು, "ಮೊದಲ ವರ್ಷ ನಷ್ಟ ತೋರಿಸಿ, ಸಂಬಳದ ಟ್ಯಾಕ್ಸ್ ಕೂಡ ವಾಪಸ್ ಬರುತ್ತೆ" ಅಂದರು. ಇದು ನಿಜವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ, ಚಿಕ್ಕಮಗಳೂರು (ಕೆಲಸದ ಜೊತೆ ಕಾಫಿ ಪುಡಿ ಮಾಡಿ ಮಾರುತ್ತೇನೆ)

ಮೇಡಂ, ಮೊದಲು ಆ ನಷ್ಟದ ಮಾತನ್ನು ತಲೆಯಿಂದ ತೆಗೆದುಬಿಡಿ. ವ್ಯಾಪಾರದ ನಷ್ಟವನ್ನು ಸಂಬಳದಲ್ಲಿ ಕಳೆಯೋದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವೇ ಇಲ್ಲ. ಬ್ಯಾಂಕ್ ಬಡ್ಡಿಯಂಥ ಆದಾಯ ಇದ್ದರೆ ಅದರಲ್ಲಿ ಕಳೆಯಬಹುದು. ಮಿಕ್ಕಿದ್ದನ್ನು ಮುಂದಿನ 8 ವರ್ಷದವರೆಗೆ ವ್ಯಾಪಾರದ ಲಾಭದಲ್ಲಿ ಮಾತ್ರ ಕಳೆಯಬಹುದು. ಅದಕ್ಕೂ ರಿಟರ್ನ್ ಅನ್ನು ಗಡುವಿನೊಳಗೆ ಹಾಕಿರಬೇಕು. ಇಲ್ಲದ ನಷ್ಟ ತೋರಿಸುವುದಂತೂ ಸುಳ್ಳು ಲೆಕ್ಕ. ಆ ದಾರಿಗೆ ಹೋಗಲೇಬೇಡಿ.

ಹಾಗಾದರೆ ಅನುಕೂಲ ಏನೂ ಇಲ್ವಾ? ಇದೆ. ಸಂಬಳದಲ್ಲಿ ಪೆಟ್ರೋಲ್ ಖರ್ಚು, ಫೋನ್ ಖರ್ಚು ಅಂತ ಕಳೆಯಲು ಬರುವುದಿಲ್ಲ. ವ್ಯಾಪಾರದಲ್ಲಿ ಬರುತ್ತದೆ. ಬೀಜದ ದುಡ್ಡು, ಹುರಿಯುವ ಕೂಲಿ, ಕವರು, ಕೊರಿಯರ್, ವ್ಯಾಪಾರಕ್ಕೇ ತೆಗೆದ ಸಾಲದ ಬಡ್ಡಿ, ಎಲ್ಲ ಕಳೆದು ಉಳಿದ ಲಾಭಕ್ಕಷ್ಟೇ ತೆರಿಗೆ. ಮಿಷನ್ ತೆಗೆದುಕೊಂಡರೆ ಅದು ಸವೆಯುವುದರ ಲೆಕ್ಕವಾಗಿ (ಸವಕಳಿ) ವರ್ಷಕ್ಕೆ 15% ಕಳೆಯಬಹುದು. ಬಳಸಿದ್ದು 180 ದಿನಕ್ಕಿಂತ ಕಡಿಮೆ ಆದರೆ ಆ ವರ್ಷ ಅದರ ಅರ್ಧ ಮಾತ್ರ.

ಆದರೆ ಮಿಷನ್ ಈಗಲೇ ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ನಮ್ಮ ಊರಲ್ಲಿ ಕೂಲಿಗೆ ಹುರಿದು ಪುಡಿ ಮಾಡಿಕೊಡುವವರು ಇದ್ದಾರೆ. ನಾನು ಈಗಲೂ ಅಲ್ಲೇ ಮಾಡಿಸುವುದು. ಆರ್ಡರ್ ಬಂದಷ್ಟೇ ಪುಡಿ ಮಾಡಿಸಿ. ಪುಡಿ ಆದ ಮೇಲೆ ಘಮ ಬೇಗ ಹೋಗುತ್ತದೆ, ಬೀಜವಾಗಿದ್ದರೆ ತಡೆಯುತ್ತದೆ. ಹುರಿಯುವ ಹದ ಸರಿಯಾಗಿ ತಿಳಿಯಬೇಕು ಅಂದರೆ ಕಾಫಿ ಬೋರ್ಡ್‌ನವರ "ಕಾಪಿ ಶಾಸ್ತ್ರ" ತರಬೇತಿ ಇದೆ, ವಿಚಾರಿಸಿ.

ದರ ಕಟ್ಟುವಾಗ ಒಂದು ಲೆಕ್ಕವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. 1 ಕೆಜಿ ಹಸಿ (ಇನ್ನೂ ಹುರಿಯದ) ಬೀಜ ಹುರಿದರೆ ಸುಮಾರು 150ರಿಂದ 200 ಗ್ರಾಂ ತೂಕ ಇಳಿಯುತ್ತದೆ. ಅದಕ್ಕೂ ಮುಂಚೆ ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ತೆಗೆದಾಗ ಒಂದಷ್ಟು ಹೋಗಿರುತ್ತದೆ. ಮನೆ ತೋಟದ್ದೇ ಅಲ್ವಾ ಅಂತ ಬೀಜವನ್ನು ಪುಕ್ಕಟೆ ಅಂದುಕೊಳ್ಳಬೇಡಿ. ಮಾವನವರಿಗೆ ಮಾರ್ಕೆಟ್ ರೇಟನ್ನೇ ಬ್ಯಾಂಕ್ ಮೂಲಕ ಕೊಡಿ. ಆಗ ಮಾತ್ರ ನಿಮ್ಮ ಪುಡಿಯಲ್ಲಿ ಲಾಭ ಇದೆಯೋ ಇಲ್ಲವೋ ಅಂತ ತಿಳಿಯುವುದು. ಅವರ ದುಡಿಮೆಗೂ ಬೆಲೆ ಸಿಕ್ಕ ಹಾಗಾಗುತ್ತದೆ.

ಚಿಕೋರಿ ಬೆರೆಸಿದರೆ ಕಾಫಿ ಕನಿಷ್ಠ 51% ಇರಲೇಬೇಕು. ಎರಡೂ ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಬೇಕು. ಆಹಾರ ಪದಾರ್ಥ ಆದ್ದರಿಂದ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ ಬರೀ 100 ರೂಪಾಯಿ ಇತ್ತು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರದ ಸೈಟಿನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ದುಡ್ಡು ಕೇಳುವ ಸೈಟ್ ಕಂಡರೆ ಅದು ಸರ್ಕಾರದ್ದಲ್ಲ.

ಉತ್ತರ, ಹಾಸನ (ರಿಟರ್ನ್ ತುಂಬಿಸಿಕೊಡುವ ಕೆಲಸ)

ಮೇಲಿನವರು ಹೇಳಿದ್ದು ಸರಿ. ಜಿಎಸ್‌ಟಿ ವಿಷಯ ಸೇರಿಸುತ್ತೇನೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ಚೆನ್ನೈನಲ್ಲಿರುವ ಗ್ರಾಹಕರಿಗೆ ಒಂದು ಪಾರ್ಸೆಲ್ ಕಳಿಸಿದರೂ ಅದು ಹೊರರಾಜ್ಯದ ಮಾರಾಟ. ಆಗ ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಕಡ್ಡಾಯ. ಹುರಿದ ಕಾಫಿಗೆ 5%. ಮೊದಲ ವರ್ಷ ಬೆಂಗಳೂರು, ಮೈಸೂರು, ಮಂಗಳೂರು ಅಂತ ರಾಜ್ಯದೊಳಗೇ ಇರಿ ಅನ್ನುವುದು ನನ್ನ ಸಲಹೆ.

ಎಲ್ಲ ಬಿಲ್ಲು ಇಟ್ಟುಕೊಂಡು ಲೆಕ್ಕ ಬರೆಯುವುದು ಕಷ್ಟ ಅನ್ನಿಸಿದರೆ 44ಎಡಿ ಅಂತ ನಾವು ಕರೆಯುವ ಅಂದಾಜು ಪದ್ಧತಿ ಇದೆ. ಯುಪಿಐ, ಬ್ಯಾಂಕಿನಲ್ಲಿ ಬಂದ ಮಾರಾಟದ 6%, ನಗದಿನ 8% ಲಾಭ ಅಂತ ಒಪ್ಪಿಕೊಳ್ಳುವುದು. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು. ಇದರಲ್ಲಿ ಖರ್ಚು, ಸವಕಳಿ ಅಂತ ಬೇರೆ ಕಳೆಯಲು ಬರುವುದಿಲ್ಲ. ಒಮ್ಮೆ ಒಳಗೆ ಹೋಗಿ 5 ವರ್ಷದೊಳಗೆ ಹೊರಬಂದರೆ, ಮುಂದಿನ 5 ವರ್ಷ ವಾಪಸ್ ಹೋಗಲು ಆಗುವುದಿಲ್ಲ. ಯೋಚಿಸಿ ಸೇರಿ.

ಇನ್ನೊಂದು ವಿಷಯ ಸಂಬಳದಾರರಿಗೆ ಗೊತ್ತೇ ಇರುವುದಿಲ್ಲ. ಬರೀ ಸಂಬಳ ಇದ್ದಾಗ ಹಳೇ ತೆರಿಗೆ ಪದ್ಧತಿ, ಹೊಸ ಪದ್ಧತಿ ಅಂತ ಪ್ರತಿ ವರ್ಷ ಬದಲಾಯಿಸಬಹುದು. ವ್ಯಾಪಾರದ ಆದಾಯ ಸೇರಿತು ಅಂದರೆ ಆ ಸ್ವಾತಂತ್ರ್ಯ ಹೋಯಿತು. ಹಳೇ ಪದ್ಧತಿ ಆರಿಸಿಕೊಂಡು ಮತ್ತೆ ಹೊಸದಕ್ಕೆ ಬಂದರೆ, ವ್ಯಾಪಾರ ಇರುವವರೆಗೆ ಪುನಃ ಹಳೆಯದಕ್ಕೆ ಹೋಗುವಂತಿಲ್ಲ. ಮನೆ ಸಾಲದ ಬಡ್ಡಿ, ಎಲ್‌ಐಸಿ ಕಳೆಯಬಹುದು ಅಂತ ನೀವು ಹಳೇ ಪದ್ಧತಿಯಲ್ಲಿದ್ದರೆ ಇದನ್ನು ಮೊದಲು ಲೆಕ್ಕ ಹಾಕಿ.

ಉತ್ತರ, ಕಡೂರು

ನಾನು ಸರ್ಕಾರಿ ಶಾಲೆ ಶಿಕ್ಷಕ. ನಮ್ಮ ನಡತೆ ನಿಯಮಗಳ ಪ್ರಕಾರ ಮೊದಲೇ ಅನುಮತಿ ತೆಗೆದುಕೊಳ್ಳದೆ ವ್ಯಾಪಾರ ಮಾಡುವಂತಿಲ್ಲ. ಮನೆಯವರು ವ್ಯಾಪಾರ ಮಾಡಿದರೂ ಇಲಾಖೆಗೆ ತಿಳಿಸಬೇಕು. ನಿಮ್ಮದು ಖಾಸಗಿ ಕೆಲಸ, ಆದರೂ ನೇಮಕಾತಿ ಪತ್ರ ಒಮ್ಮೆ ತೆಗೆದು ಓದಿ. ಬೇರೆ ದುಡಿಮೆ ಕೂಡದು ಅಂತ ಸಾಲು ಇರುತ್ತದೆ ಎಷ್ಟೋ ಕಡೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯಿತು. ಪತ್ರದಲ್ಲಿ ಅಂಥ ಸಾಲು ಇದೆ, ಎಚ್‌ಆರ್ ಅವರನ್ನು ಕೇಳುತ್ತೇನೆ. ಒಪ್ಪದಿದ್ದರೆ ಮಾವನವರೇ ತಮ್ಮ ಹೆಸರಲ್ಲಿ ಮಾಡಿದರೆ ಹೇಗೆ?

ಉತ್ತರ, ಹಾಸನ

ಮೇಡಂ, ಹಾಗೆ ಮಾಡಿದರೆ ತೆರಿಗೆಯೂ ಕಡಿಮೆ ಆಗಬಹುದು. ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ (ಒಣಗಿದ ಬೀಜದ ಸಿಪ್ಪೆ ತೆಗೆದು ವಿಂಗಡಿಸಿ), ಹುರಿದು, ಪುಡಿ ಮಾಡಿ ಮಾರಿದರೆ ಬಂದ ಆದಾಯದಲ್ಲಿ 40% ಮಾತ್ರ ವ್ಯಾಪಾರದ್ದು. ಉಳಿದ 60% ಕೃಷಿ ಆದಾಯ. ಕ್ಯೂರಿಂಗ್‌ವರೆಗೆ ಮಾತ್ರ ಮಾಡಿದರೆ ವ್ಯಾಪಾರದ ಪಾಲು 25%. ನೀವು ಅವರಿಂದ ಕೊಂಡು ಮಾರಿದರೆ ಈ ಹಂಚಿಕೆ ನಿಮಗೆ ಸಿಗುವುದಿಲ್ಲ, ನಿಮ್ಮ ಲಾಭ ಪೂರ್ತಿ ವ್ಯಾಪಾರದ್ದೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ರಿಟರ್ನಿನಲ್ಲಿ ತೋರಿಸಬೇಕು, ಉಳಿದ ಆದಾಯದ ತೆರಿಗೆ ದರ ಲೆಕ್ಕ ಹಾಕುವಾಗ ಅದು ಸೇರಬಹುದು.

ಆದರೆ ಸುಮ್ನೆ ಹೆಸರಿಗೆ ಮಾತ್ರ ಮಾವನವರದ್ದು ಆಗಬಾರದು. ಪಹಣಿ, ಎಫ್‌ಎಸ್‌ಎಸ್‌ಎಐ, ಬ್ಯಾಂಕ್ ಖಾತೆ, ಬಿಲ್ಲು ಎಲ್ಲ ಅವರ ಹೆಸರಲ್ಲೇ ಇರಬೇಕು, ಲಾಭವೂ ಅವರ ಕೈಗೇ ಹೋಗಬೇಕು. ಅವರಿಗೆ ಈ ವಯಸ್ಸಿನಲ್ಲಿ ಇದರ ಓಡಾಟ ಬೇಕಾ ಅಂತ ಮೊದಲು ಅವರನ್ನೇ ಕೇಳಿ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಯಾರ ಹೆಸರಲ್ಲಿ ಅನ್ನುವುದು ಅಷ್ಟರೊಳಗೆ ತೀರ್ಮಾನವಾದರೆ ಹೊಸ ಬೆಳೆಯ ಮೊದಲ ಮೂಟೆಯಿಂದಲೇ ಬಿಲ್ಲು ಸರಿಯಾಗಿ ಬರೆಯಬಹುದು.