ಡಿಡಿಆರ್4 ರ‍್ಯಾಮ್ ರೇಟು ಟ್ರ್ಯಾಕ್ ಮಾಡೋದು ಹೇಗೆ?

ಶಿರಾಗೇಟ್:
ತುಮಕೂರಿನ ಒಂದು ಶಾಲೆಯ ಲ್ಯಾಬಿಗೆ 8 ಜಿಬಿ ಡಿಡಿಆರ್4 ಸ್ಟಿಕ್ 20 ಬೇಕು. ಡೀಲರ್ ಕೊಡೋ ಕೊಟೇಶನ್ ಅವತ್ತಿಗಷ್ಟೇ, ಕಮಿಟಿ ಒಪ್ಪೋಕೆ ಎರಡು ವಾರ. ರೇಟು ಏರುತ್ತೋ ಇಳಿಯುತ್ತೋ ಅಂತ ಅಂದಾಜು ಮಾಡೋಕೆ ಏನು ನೋಡಬೇಕು?

ಡಿಮ್‌ಸ್ಲಾಟ್:
ಮೊದಲು ಒಂದೇ ಪಾರ್ಟ್ ನಂಬರ್ ಹಿಡ್ಕೊಳ್ಳಿ. ಬರೀ "8 ಜಿಬಿ ಡಿಡಿಆರ್4" ಅಂತ ಹುಡುಕಿದರೆ ಲ್ಯಾಪ್‌ಟಾಪಿನದು, 2666 ಸ್ಪೀಡಿನದು, ಹೀಟ್‌ಸಿಂಕ್ ಇರೋದು ಎಲ್ಲ ಕಲಸುಮೇಲೋಗರ. ಉದಾಹರಣೆಗೆ ಕಿಂಗ್‌ಸ್ಟನ್ ಕೆವಿಆರ್32ಎನ್22ಎಸ್8/8: 32 ಅಂದ್ರೆ 3200 ಸ್ಪೀಡ್, ಎನ್ ಅಂದ್ರೆ ಡೆಸ್ಕ್‌ಟಾಪ್ (ಲ್ಯಾಪ್‌ಟಾಪಿಗೆ ಅದೇ ಜಾಗದಲ್ಲಿ ಎಸ್), ಗೀಟಿನ ನಂತರದ 8 ಅಂದ್ರೆ 8 ಜಿಬಿ.

ರೇಟು ಬರೆದಿಡೋಕೆ ಒಂದು ಶೀಟ್ ಮಾಡಿ, ಅದರಲ್ಲಿ ತಾರೀಕು, ಅಂಗಡಿ, ಜಿಎಸ್‌ಟಿ ಸೇರಿದ ರೇಟು ಇರಲಿ. ಹೋಲ್‌ಸೇಲಿನವರು ಸಾಮಾನ್ಯವಾಗಿ 18% ಜಿಎಸ್‌ಟಿ ಬಿಟ್ಟು ಹೇಳ್ತಾರೆ, ಆನ್‌ಲೈನಲ್ಲಿ ಸೇರಿಸಿರ್ತಾರೆ. ಸ್ಟಾಕ್ ಇಲ್ಲದವರ ರೇಟು ಬರೀಲೇಬೇಡಿ. ಅಮೆಜಾನಿನ ಹಳೇ ರೇಟು ಕೀಪಾ ಅನ್ನೋ ಸೈಟಿನ ಗ್ರಾಫಲ್ಲಿ ಸಿಗುತ್ತೆ. ಒಬ್ಬ ಸೆಲ್ಲರ್ ಹತ್ರ ಖಾಲಿಯಾಗಿ ಇನ್ನೊಬ್ಬ ದುಪ್ಪಟ್ಟು ಹಾಕಿದರೂ ಅಲ್ಲಿ ಗೆರೆ ಮೇಲೆ ನೆಗೆಯುತ್ತೆ, ಅದನ್ನ ನಂಬಬೇಡಿ.

ಕಲ್ಪತರು:
ಅಂಗಡಿ ರೇಟು ಹಳೇ ಸ್ಟಾಕಿನದು. ಮುಂದಿನದರ ಸುಳಿವು ಬೇಕಾದರೆ ಚಿಪ್ ಮಾರುಕಟ್ಟೆ ಸಮೀಕ್ಷೆ ಮಾಡೋ ಸಂಸ್ಥೆ ಟ್ರೆಂಡ್‌ಫೋರ್ಸಿನ ಸ್ಪಾಟ್ ರೇಟು (ಆಯಾ ದಿನದ ಸಗಟು ಬೆಲೆ) ನೋಡಿ. ಅಲ್ಲಿ ಚಿಪ್ಪಿನ ಬೆಲೆ ಡಾಲರಲ್ಲಿ ಇರುತ್ತೆ, ಅದೂ ಗಿಗಾಬಿಟ್ ಲೆಕ್ಕ. 8 ಗಿಗಾಬಿಟ್ ಚಿಪ್ ಅಂದ್ರೆ 1 ಜಿಬಿ, ನಿಮ್ಮ ಸ್ಟಿಕ್ಕಿಗೆ ಅಂಥವು ಎಂಟು. ಚಿಪ್ 2.5 ಡಾಲರ್, ಡಾಲರ್ 90 ರೂಪಾಯಿ ಅಂತಿಟ್ಕೊಂಡರೆ 1,800, ಜಿಎಸ್‌ಟಿ ಸೇರಿ 2,124. ಬೋರ್ಡು, ಜೋಡಣೆ, ಸಾಗಣೆ, ಲಾಭ ಇದರ ಮೇಲೆ. ಇಟಿಟಿ ಅಂತಿರೋ ಸಾಲು ಬಿಡಿ, ಅದು ಕಡಿಮೆ ದರ್ಜೆಯ ಮಾಲು.

ಏರುವಾಗ ಅಂಗಡಿಯವರು ಬೇಗ ಏರಿಸ್ತಾರೆ; ಇಳಿಯುವಾಗ ದುಬಾರಿಗೆ ತಂದ ಮಾಲು ಖಾಲಿಯಾಗೋವರೆಗೂ ಜಗ್ಗಲ್ಲ. ಡಿಡಿಆರ್4 ವಿಷಯದಲ್ಲಂತೂ ಇಳಿಕೆಗೆ ಕಾಯೋದು ಜೂಜು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಎಐ ಸರ್ವರಿನ ಎಚ್‌ಬಿಎಂ ಮೆಮೊರಿ ಮತ್ತು ಹೊಸ ತಲೆಮಾರಿನ ಡಿಡಿಆರ್5 ಕಡೆ ತಿರುಗಿದ್ದಾರೆ. 2025ರಲ್ಲಿ ಹಳೇ ಡಿಡಿಆರ್4 ಚಿಪ್ಪೇ ಡಿಡಿಆರ್5ಗಿಂತ ತುಟ್ಟಿಯಾಗಿತ್ತು. ಅದೇ ಡಿಸೆಂಬರಲ್ಲಿ ಮೈಕ್ರಾನ್ ಗ್ರಾಹಕರಿಗೆ ಮಾರೋ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತು.

ಡಿಮ್‌ಸ್ಲಾಟ್:
ಸ್ಪಾಟ್ ಲೆಕ್ಕ ಸರಿ ಸರ್, ಆದರೆ ಎರಡು ವಾರದ ಖರೀದಿಗೆ ಅದು ದಿಕ್ಕಷ್ಟೇ ಹೇಳೋದು. ಅಡ್ವಾನ್ಸ್ ಕೊಟ್ಟು 15 ದಿನ ರೇಟು ಹಿಡಿಯೋ ಡೀಲರ್ ಸಿಗ್ತಾನಾ ನೋಡಿ, ಇಲ್ಲಾ ಕಮಿಟಿ ಹತ್ರ ಗರಿಷ್ಠ ಮೊತ್ತಕ್ಕೆ ಒಪ್ಪಿಗೆ ತಗೊಳ್ಳಿ. ಬೆಂಗಳೂರು ಎಸ್.ಪಿ. ರೋಡಲ್ಲಿ ತೀರಾ ಅಗ್ಗಕ್ಕೆ ಸಿಕ್ಕರೆ ಹಳೇ ಮಷೀನಿಂದ ಬಿಚ್ಚಿದ್ದಿರಬಹುದು. ಉಚಿತ ಸಾಫ್ಟ್‌ವೇರ್ ಸಿಪಿಯು-ಝಡ್‌ನ ಎಸ್‌ಪಿಡಿ ಟ್ಯಾಬಲ್ಲಿ ತಯಾರಾದ ವಾರ, ವರ್ಷ ಕಾಣುತ್ತೆ, ಬಿಲ್ಲಿನ ಜೊತೆ ತಾಳೆ ನೋಡಿ.