ಪಿಯೋನಿ ಗಿಡ ಸೊಂಪಾಗಿದೆ, ಹೂವಿಲ್ಲ. ಚಳಿಗಾಲಕ್ಕೆ ಗೆಡ್ಡೆ ಕಿತ್ತಿಡಬೇಕಾ?

ಪ್ರಶ್ನೆ, ಅಮೆರಿಕದ ಮಿನಿಯಾಪೊಲಿಸ್‌ನಿಂದ (ಸೆಪ್ಟೆಂಬರ್)

ನಾವು ಸಾಗರದ ಕಡೆಯವರು. ಇಲ್ಲಿ ಮನೆ ತಗೊಂಡ ವರ್ಷವೇ ಒಂದು ಪಿಯೋನಿ ನೆಟ್ಟೆ, ಸಾರಾ ಬರ್ನ್‌ಹಾರ್ಟ್ ಅನ್ನೋ ತಳಿ. ಮೊದಲ ಜೂನ್‌ನಲ್ಲಿ ಎರಡು ಹೂ ಬಿಟ್ಟಿತು. ತಿಳಿ ಗುಲಾಬಿ ಬಣ್ಣ, ಅಂಗೈ ಅಗಲ. ಆಮೇಲೆ ಮೂರು ವರ್ಷ ಬರೀ ಎಲೆ. ಚಳಿಗೆ ಸಾಯಬಾರದು ಅಂತ ಪ್ರತಿ ಅಕ್ಟೋಬರ್‌ನಲ್ಲಿ ಬುಡಕ್ಕೆ ಮಣ್ಣು ಏರಿಸಿ, ಕಾಂಪೋಸ್ಟ್ ಹಾಕಿ, ಮೇಲೆ ಒಂದು ಗೇಣು ತರಗೆಲೆ ಮುಚ್ಚುತ್ತೇನೆ. ಈ ಸಲ ನಾಲ್ಕು ಮೊಗ್ಗು ಬಂದವು, ಬಟಾಣಿಯಷ್ಟಾಗಿ ಕಪ್ಪಗೆ ಒಣಗಿದವು. ಎರಡು ಕಾಂಡ ಬುಡದಲ್ಲೇ ಕೊಳೆತು ಬಿದ್ದವು, ಬೂದು ಬಣ್ಣದ ಬೂಸ್ಟು ಹಿಡಿದಿತ್ತು. ಊರಲ್ಲಿ ಅಮ್ಮ ಡೇರೆ (ಡೇಲಿಯಾ) ಗೆಡ್ಡೆ ಕಿತ್ತಿಡುವ ಹಾಗೆ ಇದನ್ನೂ ಕಿತ್ತು ಬೇಸ್‌ಮೆಂಟ್‌ನಲ್ಲಿ ಇಡಲಾ?

ಉತ್ತರ, ಆನ್ ಆರ್ಬರ್‌ನಿಂದ

ಬೇಡ ಬೇಡ! ಡೇರೆಗೆ ಈ ಚಳಿ ಆಗದು, ಪಿಯೋನಿಗೆ ಚಳಿ ಬೇಕೇ ಬೇಕು. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಲವು ವಾರ ಕಳೆದರೇನೇ ಅದು ಹೂ ಬಿಡೋದು. ನಮ್ಮೂರಿನ ನಿಕೋಲ್ಸ್ ಆರ್ಬೊರೇಟಂ ಅನ್ನೋ ಸಸ್ಯೋದ್ಯಾನದಲ್ಲಿ 1920ರ ದಶಕದಿಂದ ಪಿಯೋನಿ ತೋಟ ಇದೆ, ಚಳಿಗಾಲವಿಡೀ ಗೆಡ್ಡೆ ನೆಲದಲ್ಲೇ ಇರುತ್ತದೆ.

ನನಗೆ ಅನುಮಾನ ಇರೋದು ನೀವು ಮಣ್ಣು ಏರಿಸೋದರ ಮೇಲೆ. ಶುಂಠಿಗಾದರೆ ಸರಿ. ಪಿಯೋನಿ ಗೆಡ್ಡೆಯ ತಲೆ ಮೇಲೆ ಕಬ್ಬಿಗೆ ಇರುವ ಹಾಗೆ ಕಣ್ಣುಗಳಿರುತ್ತವೆ, ಕೆಂಪಗೆ. ಅವುಗಳ ಮೇಲೆ ಒಂದರಿಂದ ಎರಡು ಇಂಚು ಮಣ್ಣು, ಅಷ್ಟೇ. ಅದಕ್ಕಿಂತ ಆಳಕ್ಕೆ ಹೋದರೆ ಎಲೆ ಚೆನ್ನಾಗಿ ಬರುತ್ತದೆ, ಹೂ ಬರಲ್ಲ. ಕೈಯಲ್ಲೇ ಮೆಲ್ಲಗೆ ಕೆರೆದು ಅಳತೆ ನೋಡಿ ಹೇಳಿ.

ಕಪ್ಪಾದ ಮೊಗ್ಗಿಗೆ ಕಾರಣ ಬೇರೆ. ಅದು ಬೊಟ್ರೈಟಿಸ್ ಅನ್ನೋ ಬೂಸ್ಟು ರೋಗ ಇರಬೇಕು. ಹಳೇ ಕಾಂಡ, ಉದುರಿದ ಎಲೆಯಲ್ಲೇ ಅದು ಚಳಿಗಾಲ ಕಳೆಯುತ್ತದೆ. ನೀವು ಒದ್ದೆ ತರಗೆಲೆ ಮುಚ್ಚಿ ಗಿಡಕ್ಕಲ್ಲ, ರೋಗಕ್ಕೇ ಕಂಬಳಿ ಹೊದಿಸಿದಿರಿ.

ಮಿನಿಯಾಪೊಲಿಸ್

ಇವತ್ತು ಕೆರೆದು ಸ್ಕೇಲ್ ಇಟ್ಟೆ. ಐದು ಇಂಚು! ಒಂದೊಂದು ವರ್ಷ ಹಾಕಿದ್ದೂ ಪದರ ಪದರವಾಗಿ ಕಾಣಿಸಿತು, ನಾಚಿಕೆ ಆಯ್ತು. ಮೇಲಿನದನ್ನು ತೆಗೆದರೆ ಸಾಕಾ?

ಆನ್ ಆರ್ಬರ್

ತೆಗೆದ ಮೇಲೆ ಬುಡ ಸುತ್ತಲಿನ ನೆಲಕ್ಕಿಂತ ತಗ್ಗಾಗದಿದ್ದರೆ ಸಾಕು. ತಗ್ಗಾದರೆ ನೀರು ನಿಂತು ಗೆಡ್ಡೆ ಕೊಳೆಯುತ್ತದೆ, ಆಗ ಎತ್ತಿ ನೆಡಲೇಬೇಕು. ಅದಕ್ಕೆ ಈ ತಿಂಗಳೇ ಒಳ್ಳೇ ಕಾಲ. ಆದರೆ ಎತ್ತಿದರೆ ಪಿಯೋನಿ ಮುನಿಸಿಕೊಳ್ಳುತ್ತದೆ, ಒಂದೆರಡು ವರ್ಷ ಹೂ ಕೊಡದೇ ಇರಬಹುದು.

ರೋಗ ತಗುಲಿದ ಕಾಂಡ ಈಗಲೇ ಕತ್ತರಿಸಿ. ಉಳಿದ ಎಲೆ ಮೊದಲ ಫ್ರಾಸ್ಟ್‌ಗೆ (ಎಲೆ ಮೇಲೆ ಮಂಜು ಹೆಪ್ಪುಗಟ್ಟುವ ಚಳಿಗೆ) ಕಪ್ಪಾಗುವ ತನಕ ಇರಲಿ, ಆಮೇಲೆ ನೆಲಮಟ್ಟಕ್ಕೆ ಕತ್ತರಿಸಿ. ಯಾವುದನ್ನೂ ಕಾಂಪೋಸ್ಟ್‌ಗೆ ಹಾಕಬೇಡಿ, ಕಸಕ್ಕೆ ಹಾಕಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹಳೇ ಗಿಡಕ್ಕೆ ಹೊದಿಕೆ ಬೇಕಿಲ್ಲ. ಹೊಸದಾಗಿ ನೆಟ್ಟದ್ದಕ್ಕೆ ಮೊದಲ ವರ್ಷ ಮಾತ್ರ, ಅದೂ ನೆಲ ಹೆಪ್ಪುಗಟ್ಟಿದ ಮೇಲೆ, ತೆಳ್ಳಗೆ ಒಣಹುಲ್ಲು. ಅದು ಚಳಿ ತಡೆಯೋಕಲ್ಲ. ನೆಲ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಗೆಡ್ಡೆ ಮೇಲಕ್ಕೆ ತಳ್ಳಿಕೊಂಡು ಬರಬಾರದು ಅಂತ. ಮಾರ್ಚ್ ಕೊನೆಗೆ ತೆಗೆದುಬಿಡಿ.

ಟೊರೊಂಟೊ

ಒಂದು ಮಾತು: ಮರದಂಥ ಗಟ್ಟಿ ಕಾಂಡದ ಟ್ರೀ ಪಿಯೋನಿ ಇದ್ದವರು ಹೀಗೆ ನೆಲಕ್ಕೆ ಕತ್ತರಿಸಬೇಡಿ. ಮುಂದಿನ ಹೂವಿನ ಮೊಗ್ಗು ಆ ಕಾಂಡದ ಮೇಲೇ ಇರುತ್ತದೆ. ನಾನು ಕತ್ತರಿಸಿ ಅನುಭವಿಸಿದ್ದೇನೆ.

ಬೆಂಗಳೂರು

ನಮ್ಮ ಟೆರೇಸ್ ಕುಂಡದಲ್ಲಿ ಬರುತ್ತಾ?

ಆನ್ ಆರ್ಬರ್

ಜನವರಿ ರಾತ್ರಿಯಲ್ಲೂ 15 ಡಿಗ್ರಿ ಇರುವ ಊರು ಅಲ್ವಾ, ಕಷ್ಟ. ಸುಮ್ನೆ ದುಡ್ಡು ದಂಡ. ಡೇರೆ ಹಾಕಿ.

ಮಿನಿಯಾಪೊಲಿಸ್ (ಜೂನ್)

ಎತ್ತಲಿಲ್ಲ, ಮಣ್ಣು ಮಾತ್ರ ತೆಗೆದೆ. ಮೂರು ಮೊಗ್ಗು ಬಂದಿವೆ, ನಿಂಬೆಕಾಯಿ ಗಾತ್ರ! ಆದರೆ ತುಂಬಾ ಇರುವೆ ಮುತ್ತಿವೆ. ಔಷಧಿ ಹೊಡೀಲಾ?

ಆನ್ ಆರ್ಬರ್

ಏನೂ ಹೊಡೀಬೇಡಿ. ಮೊಗ್ಗಿನ ಮೇಲೆ ಜಿನುಗುವ ಸಿಹಿ ನೆಕ್ಕೋಕೆ ಬಂದಿವೆ, ಹೂ ಅರಳಿದ ಮೇಲೆ ತಾವಾಗಿ ಹೋಗುತ್ತವೆ. ಹೂ ಕಿತ್ತು ಮನೆಯೊಳಗೆ ತರುವಾಗ ಮಾತ್ರ ಒಮ್ಮೆ ಕೊಡವಿ.