ಖಾಲಿ ಬ್ಲ್ಯಾಂಕ್‌ನಲ್ಲೇ 60 ಪಿಪಿಬಿ ಬೋರಾನ್, ಮೂರು ವಾರದಿಂದ ಒದ್ದಾಟ

ಕೆಂಗೇರಿ_ಕೆಮಿಸ್ಟ್, ಸೋಮವಾರ ರಾತ್ರಿ 9:40
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಐಸಿಪಿ-ಓಇಎಸ್‌ನಲ್ಲಿ (ಬಿಸಿ ಪ್ಲಾಸ್ಮಾದಲ್ಲಿ ಧಾತು ಬೀರುವ ಬೆಳಕು ನೋಡಿ ಅಳೆಯುವ ಯಂತ್ರ) ಬೋರಾನ್ ಅಳೆಯುತ್ತಿದ್ದೇನೆ. ಏನೂ ಹಾಕದ ಬ್ಲ್ಯಾಂಕ್‌ನಲ್ಲೇ 60 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 60 ಭಾಗ, ಬರುತ್ತಿದೆ. ಒಂದು ದಿನ 52, ಇನ್ನೊಂದು ದಿನ 67. ಟಾರ್ಚ್ ತೊಳೆದೆ, ಪಂಪ್ ಟ್ಯೂಬ್ ಬದಲಿಸಿದೆ, ಹೊಸ ನೈಟ್ರಿಕ್ ಆಸಿಡ್ ಬಾಟಲಿ ತೆರೆದೆ. ಒಂದಕ್ಕೂ ಜಗ್ಗಲಿಲ್ಲ. ವಿಧಾನ ಎಲ್ಲರೂ ಮಾಡುವ ಮಾಮೂಲಿಯದೇ. ಪೀಣ್ಯದಿಂದ ತರಿಸಿದ ಆರ್ಗಾನ್ ಸಿಲಿಂಡರ್ ಎರಡು ಖಾಲಿಯಾಗಿವೆ, ಮೂರನೆಯದಕ್ಕೆ ಗೈಡ್ ಹತ್ತಿರ ಕೇಳೋಕೆ ಮುಖ ಇಲ್ಲ.

ಹಳೇ_ಪ್ಲಾಸ್ಮಾ, ಸೋಮವಾರ ರಾತ್ರಿ 10:05
ಬೋರಾನ್ ಬೆಳಕಿನ 249.77 ನ್ಯಾನೋಮೀಟರ್ ರೇಖೆ ಇಟ್ಟುಕೊಂಡಿದ್ದೀರಿ ಅಲ್ವಾ? ಅದಕ್ಕೆ ಅಂಟಿಕೊಂಡೇ ಕಬ್ಬಿಣದ ರೇಖೆ ಇದೆ. ನೂರಕ್ಕೆ ನೂರು ಕಬ್ಬಿಣವೇ. 208.9ಕ್ಕೆ ಬದಲಿಸಿ, ಸರಿಹೋಗುತ್ತದೆ.

ಹಸಿರುಜ್ವಾಲೆ, ಸೋಮವಾರ ರಾತ್ರಿ 10:30
ಸ್ಯಾಂಪಲ್ ಏನು ಅಂತಲೇ ಹೇಳಿಲ್ಲ. ನೀರಾ, ಮಣ್ಣಾ, ರಕ್ತವಾ? ಬೋರ್‌ವೆಲ್ ನೀರನ್ನು ಫಿಲ್ಟರ್ ಮಾಡಿ ಬಳಸುತ್ತಿದ್ದರೆ ಮೊದಲು ಅದನ್ನು ನೋಡಿ. ಆರ್‌ಓ ಬೋರಾನ್ ಅನ್ನು ಸರಿಯಾಗಿ ತಡೆಯುವುದಿಲ್ಲ. ನೀರು ಶುದ್ಧ ಮಾಡುವ ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳಿ ಬರುವುದರಲ್ಲಿ ಬೋರಾನ್ ಕೂಡ ಒಂದು.

ಕೆಂಗೇರಿ_ಕೆಮಿಸ್ಟ್, ಸೋಮವಾರ ರಾತ್ರಿ 11:15
ಕ್ಷಮಿಸಿ, ಗಡಿಬಿಡಿಯಲ್ಲಿ ಬರೆದೆ. ನಮ್ಮದು ಬಿಎನ್‌ಸಿಟಿ ಕೆಲಸ, ಅಂದರೆ ಬೋರಾನ್ ನ್ಯೂಟ್ರಾನ್ ಕ್ಯಾಪ್ಚರ್ ಥೆರಪಿ: ಕ್ಯಾನ್ಸರ್ ಕೋಶಕ್ಕೆ ಬೋರಾನ್ ಸೇರಿಸಿ, ನ್ಯೂಟ್ರಾನ್ ಬಿಟ್ಟು ಆ ಕೋಶವನ್ನು ಕೊಲ್ಲುವ ಚಿಕಿತ್ಸೆ. ಬಿಪಿಎ ಅನ್ನೋ ಬೋರಾನ್ ಇರುವ ಅಮೈನೋ ಆಮ್ಲವನ್ನು ಫ್ರಕ್ಟೋಸ್ ಜೊತೆ ಕರಗಿಸಿ ಕ್ಯಾನ್ಸರ್ ಕೋಶಗಳಿಗೆ ಕೊಡುತ್ತೇನೆ. ಒಳಗೆ ಎಷ್ಟು ಹೋಯಿತು ಅಂತ ಅಳೆಯುವುದೇ ನನ್ನ ಕೆಲಸ. ಗೆಡ್ಡೆಯ ಒಂದು ಗ್ರಾಂಗೆ ಸುಮಾರು 20 ಮೈಕ್ರೋಗ್ರಾಂ ಬೋರಾನ್-10 (ನ್ಯೂಟ್ರಾನ್ ಹಿಡಿಯುವ ಬಗೆಯ ಬೋರಾನ್) ಸೇರಬೇಕು ಅನ್ನುವುದು ಎಲ್ಲರ ಲೆಕ್ಕ. ನನ್ನ ಟ್ಯೂಬ್‌ನಲ್ಲಿ ಇರುವುದು 1 ಕೋಟಿ ಕೋಶ, ಹೆಚ್ಚೂಕಮ್ಮಿ 10 ಮಿಲಿಗ್ರಾಂ. ಅಷ್ಟರಲ್ಲಿ ಬೋರಾನ್ 0.2 ಮೈಕ್ರೋಗ್ರಾಂ. ಅದನ್ನು ಆಸಿಡ್‌ನಲ್ಲಿ ಕರಗಿಸಿ 10 ಮಿಲಿಲೀಟರ್‌ಗೆ ತಂದರೆ 20 ಪಿಪಿಬಿ. ಬ್ಲ್ಯಾಂಕೇ 60 ಇದ್ದರೆ ಈ 20 ಎಲ್ಲಿ ಕಾಣಿಸುತ್ತದೆ?

ನೀರನ್ನು ನೇರವಾಗಿ ಹಾಕಿ ನೋಡಿದೆ, 2 ಪಿಪಿಬಿಗಿಂತ ಕಡಿಮೆ.

ಇದು ಬರೀ ಥೀಸಿಸ್ ವಿಷಯ ಅಲ್ಲ ನನಗೆ. ನಮ್ಮ ದೊಡ್ಡಮ್ಮನಿಗೆ ದವಡೆ ಕ್ಯಾನ್ಸರ್ ಇತ್ತು. ರೇಡಿಯೇಷನ್ ಆದಮೇಲೂ ಮತ್ತೆ ಬಂತು, ಅದೇ ಜಾಗಕ್ಕೆ ಇನ್ನೊಮ್ಮೆ ಕೊಡೋಕಾಗಲ್ಲ ಅಂದರು. ಜಪಾನ್‌ನಲ್ಲಿ 2020ರಲ್ಲಿ ಬಿಎನ್‌ಸಿಟಿಗೆ ಒಪ್ಪಿಗೆ ಸಿಕ್ಕಿದ್ದು ಅಂಥವರಿಗೇ: ಆಪರೇಷನ್ ಮಾಡಲಾಗದ, ಇಲ್ಲಾ ಮರಳಿ ಬಂದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ.

ಹಳೇ_ಪ್ಲಾಸ್ಮಾ, ಮಂಗಳವಾರ ಬೆಳಿಗ್ಗೆ 7:10
ಕೋಶ ಅಂದಮೇಲೆ ಕಬ್ಬಿಣ ಇದ್ದೇ ಇರುತ್ತದೆ. ನಾನು ಹೇಳಿದ್ದು ಅದನ್ನೇ.

ಹಸಿರುಜ್ವಾಲೆ, ಮಂಗಳವಾರ ಬೆಳಿಗ್ಗೆ 7:25
ಸಾರ್, ಬ್ಲ್ಯಾಂಕ್‌ನಲ್ಲಿ ಕೋಶವೇ ಇಲ್ಲ. ಕಬ್ಬಿಣ ಎಲ್ಲಿಂದ ಬರಬೇಕು?

ಹಳೇ_ಪ್ಲಾಸ್ಮಾ, ಮಂಗಳವಾರ ಬೆಳಿಗ್ಗೆ 7:40
ಆಸಿಡ್‌ನಿಂದ ಬರಬಹುದು. 208.9 ನೋಡಿ ಆಮೇಲೆ ಮಾತಾಡಿ.

ಕೆಂಗೇರಿ_ಕೆಮಿಸ್ಟ್, ಮಂಗಳವಾರ ಸಂಜೆ 6:50
208.9ರಲ್ಲಿ 58 ಬಂತು. ಕಬ್ಬಿಣದ್ದೇ ರೇಖೆ ಇಟ್ಟು ನೋಡಿದೆ, ಅಲ್ಲಿ ಏನೂ ಇಲ್ಲ.

ಮೈಕ್ರಾನ್_ಮನೆ, ಮಂಗಳವಾರ ಸಂಜೆ 7:30
ಹಾಗಾದರೆ ಮೆಮೊರಿ ಎಫೆಕ್ಟ್. ಬೋರಾನ್ ಯಂತ್ರದೊಳಗೆ ಸ್ಯಾಂಪಲ್ ತುಂತುರಾಗುವ ಸ್ಪ್ರೇ ಚೇಂಬರ್ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಹಿಂದಿನ ಸ್ಟ್ಯಾಂಡರ್ಡ್‌ನದ್ದೇ ಸ್ವಲ್ಪ ಸ್ವಲ್ಪ ಬರುತ್ತಿದೆ. ಆಸಿಡ್‌ನಲ್ಲಿ ಎಷ್ಟು ತೊಳೆದರೂ ಹೋಗಲ್ಲ. ತೆಳು ಅಮೋನಿಯಾಗೆ ಸ್ವಲ್ಪ ಮ್ಯಾನಿಟಾಲ್ ಹಾಕಿ ಎರಡು ಸ್ಯಾಂಪಲ್‌ಗಳ ನಡುವೆ ಹರಿಸಿ.

ರಿಯಾಕ್ಟರ್_ಪ್ರೇಮಿ, ಮಂಗಳವಾರ ರಾತ್ರಿ 8:15
ಅಲ್ಲ, ಇಷ್ಟೆಲ್ಲಾ ಯಾಕೆ? ರಿಯಾಕ್ಟರ್ ಇಲ್ಲದೆ ಬಿಎನ್‌ಸಿಟಿ ಆಗಲ್ಲ. ಆಸ್ಪತ್ರೆಯಲ್ಲಿ ಯಾರು ರಿಯಾಕ್ಟರ್ ಇಡ್ತಾರೆ?

ಮೈಕ್ರಾನ್_ಮನೆ, ಮಂಗಳವಾರ ರಾತ್ರಿ 8:40
ಅದು ಹಳೇ ಮಾತು. ಜಪಾನ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದೇ ಆಕ್ಸಿಲರೇಟರ್‌ಗೆ. ಸೈಕ್ಲೋಟ್ರಾನ್‌ನಿಂದ 30 ಎಂಇವಿ ಶಕ್ತಿಯ ಪ್ರೋಟಾನ್ ಬೆರಿಲಿಯಂಗೆ ಹೊಡೆದರೆ ನ್ಯೂಟ್ರಾನ್ ಹೊರಬರುತ್ತದೆ. ಅದರ ವೇಗ ತಗ್ಗಿಸಿ ರೋಗಿಗೆ ಕೊಡುತ್ತಾರೆ.

ರಿಯಾಕ್ಟರ್_ಪ್ರೇಮಿ, ಮಂಗಳವಾರ ರಾತ್ರಿ 9:00
ಫಿನ್‌ಲೆಂಡ್‌ನವರು ರಿಯಾಕ್ಟರ್‌ನಲ್ಲೇ ಎಷ್ಟೋ ರೋಗಿಗಳಿಗೆ ಮಾಡಿದ್ದಾರೆ. ಅದು ಬಿಡಿ, ಈ ಹುಡುಗಿ ಬೋರಾನ್-10 ಬಿಪಿಎ ಬಳಸುತ್ತಿದ್ದಾಳಾ, ಸಾದಾ ಬಿಪಿಎನಾ? ಸಾದಾದಲ್ಲಿ ಬೋರಾನ್-10 ಶೇ 20 ಮಾತ್ರ. ಉಳಿದ 80 ಬೋರಾನ್-11, ಅದರಿಂದ ನ್ಯೂಟ್ರಾನ್‌ಗೆ ಏನೂ ಪ್ರಯೋಜನ ಇಲ್ಲ. ಪೂರ್ತಿ ಅಳತೆಯೇ ತಪ್ಪು.

ಹಸಿರುಜ್ವಾಲೆ, ಮಂಗಳವಾರ ರಾತ್ರಿ 9:20
ನ್ಯೂಟ್ರಾನ್ ಬಿಡುವಾಗ ಆ ಮಾತು ಸರಿ. ಕೋಶದೊಳಗೆ ಎಷ್ಟು ಹೋಗುತ್ತದೆ ಅಂತ ನೋಡೋಕೆ ಸಾದಾ ಸಾಕು. ಕೋಶಕ್ಕೆ ಹತ್ತು, ಹನ್ನೊಂದು ಅಂತ ಭೇದ ಇಲ್ಲ. ಓಇಎಸ್ ಹೇಳುವುದೂ ಒಟ್ಟು ಬೋರಾನ್ ಮಾತ್ರ. ವಿದ್ಯಾರ್ಥಿಯ ಕೈಯಲ್ಲಿ ಯಾಕೆ ಅಷ್ಟು ದುಬಾರಿ ವಸ್ತು ಖರ್ಚು ಮಾಡಿಸುತ್ತೀರಿ?

ಕೆಂಗೇರಿ_ಕೆಮಿಸ್ಟ್, ಬುಧವಾರ ರಾತ್ರಿ 8:30
ಅಮೋನಿಯಾ, ಮ್ಯಾನಿಟಾಲ್ ಎರಡೂ ಹಾಕಿ ದಿನವಿಡೀ ಓಡಿಸಿದೆ. ಜಾಸ್ತಿಯಾಯಿತು! ಬೆಳಿಗ್ಗೆ 61, ಸಂಜೆ 85. ನಿಜವಾಗಲೂ ಅಳು ಬಂತು.

ಮೈಕ್ರಾನ್_ಮನೆ, ಬುಧವಾರ ರಾತ್ರಿ 8:45
ಗೋಡೆಗೆ ಅಂಟಿದ್ದು ಕಳಚಿ ಬರುತ್ತಿದೆ. ಒಳ್ಳೇ ಲಕ್ಷಣ. ಇನ್ನೂ ಎರಡು ದಿನ ಓಡಿಸಿ.

ಹಸಿರುಜ್ವಾಲೆ, ಬುಧವಾರ ರಾತ್ರಿ 9:10
ಓಡಿಸಬೇಡಿ. ಇನ್ನೊಂದು ಸಿಲಿಂಡರ್ ಹೋಗುತ್ತದೆ. ಅಮೋನಿಯಾ ಯಾವುದರಲ್ಲಿ ಬೆರೆಸಿ ಇಟ್ಟಿರಿ?

ಕೆಂಗೇರಿ_ಕೆಮಿಸ್ಟ್, ಬುಧವಾರ ರಾತ್ರಿ 9:14
ನೀಲಿ ಮುಚ್ಚಳದ ಮಾಮೂಲಿ ಬಾಟಲಿ, ಒಂದು ಲೀಟರ್‌ದು.

ಹಸಿರುಜ್ವಾಲೆ, ಬುಧವಾರ ರಾತ್ರಿ 9:15
ಗಾಜಿಂದಾ?

ಕೆಂಗೇರಿ_ಕೆಮಿಸ್ಟ್, ಬುಧವಾರ ರಾತ್ರಿ 9:16
ಹೌದು. ಕೋಶ ಕರಗಿಸುವುದೂ ಗಾಜಿನ ಬೀಕರ್‌ನಲ್ಲೇ, ಹಾಟ್‌ಪ್ಲೇಟ್ ಮೇಲೆ 95 ಡಿಗ್ರಿ, ನಾಲ್ಕು ಗಂಟೆ. ಆಮೇಲೆ ಗಾಜಿನ ಸ್ಟ್ಯಾಂಡರ್ಡ್ ಫ್ಲಾಸ್ಕ್. ಎಲ್ಲರೂ ಹೀಗೇ ಅಲ್ವಾ ಮಾಡೋದು?

ಹಸಿರುಜ್ವಾಲೆ, ಬುಧವಾರ ರಾತ್ರಿ 9:30
ಹೆಚ್ಚಿನ ಲೋಹ ಅಳೆಯೋಕೆ ನಡೆಯುತ್ತದೆ ತಾಯಿ. ಬೋರಾನ್‌ಗೆ ನಡೆಯಲ್ಲ. ಲ್ಯಾಬ್ ಗಾಜು ಅಂದರೆ ಬೊರೋಸಿಲಿಕೇಟ್. ಅದರ ತೂಕದಲ್ಲಿ ಸುಮಾರು ಶೇ 13 ಬೋರಾನ್ ಆಕ್ಸೈಡೇ ಇರುತ್ತದೆ. ಬಿಸಿ ಆಸಿಡ್ ಅದನ್ನು ಸ್ವಲ್ಪ ಎಳೆಯುತ್ತದೆ, ಅಮೋನಿಯಾದಂಥ ಕ್ಷಾರ ಇನ್ನೂ ಜೋರಾಗಿ ಎಳೆಯುತ್ತದೆ. 85 ಆಗಿದ್ದು ಅದಕ್ಕೇ. ನೀವು ಗಾಜನ್ನೇ ಅಳೆಯುತ್ತಿದ್ದೀರಿ. ನೀರನ್ನು ನೇರವಾಗಿ ಹಾಕಿದಾಗ 2 ಬಂತಲ್ಲ, ಅದು ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಇದ್ದಿರಬೇಕು.

ಕೆಂಗೇರಿ_ಕೆಮಿಸ್ಟ್, ಬುಧವಾರ ರಾತ್ರಿ 9:33
ಹೌದು. ಪ್ಲಾಸ್ಟಿಕ್ ಟ್ಯೂಬೇ.

ಟೆಫ್ಲಾನ್_ರಾಜ, ಗುರುವಾರ ಬೆಳಿಗ್ಗೆ 6:30
ನಮ್ಮಲ್ಲಿ ಗಾಜಿಗೆ ಪ್ರವೇಶವೇ ಇಲ್ಲ. ಪಿಎಫ್‌ಎ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ನೆಬ್ಯುಲೈಸರ್, ಪಿಎಫ್‌ಎ ಸ್ಪ್ರೇ ಚೇಂಬರ್, ಟೆಫ್ಲಾನ್ ಪಾತ್ರೆ, ಮೈಕ್ರೋವೇವ್ ಡೈಜೆಶನ್, ಐಸಿಪಿ-ಎಂಎಸ್, ಅದೂ ಗಾಳಿ ಸೋಸುವ ಎಚ್‌ಇಪಿಎ ಫಿಲ್ಟರ್ ಹಾಕಿದ ಕ್ಲೀನ್ ರೂಮ್‌ನಲ್ಲಿ. ಬ್ಲ್ಯಾಂಕ್ 1 ಪಿಪಿಬಿ ದಾಟುವುದಿಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಹಳೇ_ಪ್ಲಾಸ್ಮಾ, ಗುರುವಾರ ಬೆಳಿಗ್ಗೆ 8:00
ಸೆಟಪ್ ಚೆನ್ನಾಗಿದೆ. ಆದರೆ ಮಾಮೂಲಿ ಎಚ್‌ಇಪಿಎ ಫಿಲ್ಟರ್‌ನ ಎಳೆಗಳೂ ಬೊರೋಸಿಲಿಕೇಟ್ ಗಾಜಿನವೇ, ಅದರಿಂದಲೂ ಬೋರಾನ್ ಗಾಳಿಗೆ ಸೇರುತ್ತದೆ. ನಿಮ್ಮದು ಯಾವ ಫಿಲ್ಟರ್ ಅಂತ ಒಮ್ಮೆ ನೋಡಿಸಿ.

ಕಬ್ಬಿಣದ ವಿಷಯದಲ್ಲಿ ನಾನು ತಪ್ಪಿದೆ ಮಗಳೇ. ಆದರೆ ಮುಂದೆ ರಕ್ತ ಅಳೆಯುವಾಗ 208.9 ಮರೆಯಬೇಡ, ರಕ್ತದಲ್ಲಿ ಕಬ್ಬಿಣ ಜಾಸ್ತಿ. ಚಿಕಿತ್ಸೆಯ ದಿನ ರೋಗಿಯ ರಕ್ತ ತೆಗೆದು ಹೀಗೇ ಬೋರಾನ್ ಅಳೆಯುತ್ತಾರೆ. ಅದರ ಮೇಲೆ ಎಷ್ಟು ಹೊತ್ತು ನ್ಯೂಟ್ರಾನ್ ಕೊಡಬೇಕು ಅನ್ನುವ ಲೆಕ್ಕ ನಿಂತಿರುತ್ತದೆ. ಬೋರಾನ್ ಒಡೆದಾಗ ಹೊರಡುವ ಆಲ್ಫಾ ಕಣ ಓಡುವುದು ಸುಮಾರು 9 ಮೈಕ್ರಾನ್, ಲಿಥಿಯಂ 5. ಒಂದು ಕೋಶದ ಅಗಲ ಅಷ್ಟೇ. ಬೋರಾನ್ ಎಲ್ಲಿದೆಯೋ ಆ ಕೋಶಕ್ಕೇ ಪೆಟ್ಟು. ರಕ್ತದಲ್ಲಿ ಜಾಸ್ತಿ ಇದ್ದರೆ ರಕ್ತನಾಳಕ್ಕೂ ಪೆಟ್ಟು. 1951ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಮೊದಲ ರೋಗಿಗಳ ಮೇಲೆ ಶುರು ಮಾಡಿದಾಗ ಬೋರಾನ್ ಗೆಡ್ಡೆಯಲ್ಲಿ ನಿಲ್ಲದೆ ರಕ್ತದಲ್ಲೇ ಉಳಿಯುತ್ತಿತ್ತು. ಆ ಪ್ರಯತ್ನ ಸೋತಿದ್ದಕ್ಕೆ ಅದೂ ಒಂದು ಕಾರಣ. ನಿನ್ನ ಈ ಅಳತೆ ಸಣ್ಣದಲ್ಲ.

ಕೆಂಗೇರಿ_ಕೆಮಿಸ್ಟ್, ಶನಿವಾರ ಸಂಜೆ 5:20
ನಿನ್ನೆ ಚಿಕ್ಕಪೇಟೆ ಗಲ್ಲಿಗಳನ್ನೆಲ್ಲಾ ಸುತ್ತಿ ಪಾಲಿಪ್ರೊಪಿಲೀನ್ ಫ್ಲಾಸ್ಕ್, ಬಾಟಲಿ ತಂದೆ. ಕೋಶಗಳನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಟ್ಯೂಬ್‌ನಲ್ಲೇ ಕರಗಿಸಿದೆ. ಬ್ಲ್ಯಾಂಕ್ 3 ಪಿಪಿಬಿ! ಮೂರು ಸಲ ಓಡಿಸಿದೆ, 3, 4, 3. ಹಸಿರುಜ್ವಾಲೆ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ.

ಈಗ ಹೊಸ ತೊಂದರೆ. ಬಿಪಿಎ ಕೊಟ್ಟ ಕೋಶದಲ್ಲಿ 31, ಕೊಡದ ಕೋಶದಲ್ಲೂ 14 ಬರುತ್ತಿದೆ.

ಮೈಕ್ರಾನ್_ಮನೆ, ಶನಿವಾರ ಸಂಜೆ 5:50
ಕೋಶ ತೊಳೆಯುವುದು ಯಾವುದರಲ್ಲಿ? ತಣ್ಣಗಿರುವ ಪಿಬಿಎಸ್ (ಕೋಶ ತೊಳೆಯುವ ಉಪ್ಪಿನ ದ್ರಾವಣ) ಬಳಸಿ, ಬೇಗ ಮುಗಿಸಿ. ನಿಧಾನ ಮಾಡಿದರೆ ಬಿಪಿಎ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಹಸಿರುಜ್ವಾಲೆ, ಶನಿವಾರ ಸಂಜೆ 6:05
ಕೊಡದ ಕೋಶದಲ್ಲಿ ಹೊರಗೆ ಹೋಗಲು ಬಿಪಿಎ ಎಲ್ಲಿದೆ? ಪಿಬಿಎಸ್ ಯಾವ ಬಾಟಲಿಯಲ್ಲಿ ಆಟೋಕ್ಲೇವ್ ಮಾಡಿದ್ದು, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದಿದ್ದು, ಅಂತ ಮೊದಲು ಹೇಳಿ. ಕೋಶ ಇಲ್ಲದ ಖಾಲಿ ಟ್ಯೂಬ್ ಒಂದನ್ನು ಮೊದಲಿಂದ ಕೊನೆವರೆಗೆ ಅದೇ ಪಿಬಿಎಸ್ ಹಾಕಿ ತೊಳೆದು ಓಡಿಸಿ. ಬರೀ ಆಸಿಡ್ ಬ್ಲ್ಯಾಂಕ್ ಸಾಲದು.

ಕೆಂಗೇರಿ_ಕೆಮಿಸ್ಟ್, ಶನಿವಾರ ಸಂಜೆ 6:12
ನೀಲಿ ಮುಚ್ಚಳದ ಬಾಟಲಿಯಲ್ಲೇ. ಈಗಲೇ ಹೊಸದು ಮಾಡುತ್ತೇನೆ. ಸಿಲಿಂಡರ್‌ನಲ್ಲಿ ಇನ್ನೂ ಅರ್ಧ ಗ್ಯಾಸ್ ಇದೆ.